ಪೊಲೀಸರು ಮತ್ತು ಹೊಸ ಪೀಳಿಗೆ: ವಿಶ್ವಾಸ ಬೆಳೆಯುವ ಬಗೆ

(ಸಂಸ್ಥೆಯ ವಾರ್ಷಿಕ ಸಮಾರಂಭ ಹಾಗೂ ಪ್ರತಿಭಾ ಪುರಸ್ಕಾರದ ಸಂದರ್ಭದಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ಎಸ್.ಎಸ್.ಎಲ್.ಸಿ. ಮತ್ತು ಪಿ.ಯು.ಸಿ.ಯಲ್ಲಿ ಒಳ್ಳೆಯ ಅಂಕ ಪಡೆದ ಮಕ್ಕಳನ್ನು ಸನ್ಮಾನಿಸುವ ಈ ವೇದಿಕೆಯಲ್ಲಿ ಪೊಲೀಸರ ವಿಷಯ ಯಾಕೆ ಎಂದು ಕೆಲವರಿಗೆ ಅನ್ನಿಸಿರಬಹುದು. ಶಿಕ್ಷಣ ಸಂಸ್ಥೆಯವರು ವಿದ್ಯಾರ್ಥಿವೇತನದ ಬಗ್ಗೆ, ಸ್ಪರ್ಧಾತ್ಮಕ ಪರೀಕ್ಷೆಗಳ ಬಗ್ಗೆ ಮಾತನಾಡಿಸಬೇಕಲ್ಲವೇ ಎಂದೂ ಕೇಳಬಹುದು. ಆದರೆ ಒಂದು ಮಾತನ್ನು ಯೋಚಿಸಿ. ಹತ್ತು ವರ್ಷ ಕಷ್ಟಪಟ್ಟು ಒಬ್ಬ ತಾಯಿ ಮಗನನ್ನು ಓದಿಸುತ್ತಾಳೆ. ಒಂದು ಸಂಜೆ ಗುಂಪಿನಲ್ಲಿ ನಿಂತದ್ದಕ್ಕೋ, ಮೊಬೈಲಿನಲ್ಲಿ ಬಂದದ್ದನ್ನು ಓದದೆ ಮುಂದಕ್ಕೆ ಕಳಿಸಿದ್ದಕ್ಕೋ ಅವನ ಹೆಸರು ಎಫ್.ಐ.ಆರ್.ನಲ್ಲಿ ಸೇರಿತು ಎಂದರೆ, ಸರ್ಕಾರಿ ನೌಕರಿಯ ಪರಿಶೀಲನೆಗೆ, ಪಾಸ್‌ಪೋರ್ಟಿಗೆ, ಗಲ್ಫ್ ದೇಶಕ್ಕೆ ಹೋಗುವವರಿಗೆ ಬೇಕಾದ ಪೊಲೀಸ್ ಪ್ರಮಾಣಪತ್ರಕ್ಕೆ, ಎಲ್ಲದಕ್ಕೂ ಆ ಒಂದು ಸಂಜೆ ಅಡ್ಡ ಬರುತ್ತದೆ. ಅಂಕಪಟ್ಟಿಯಲ್ಲಿ ಗಳಿಸಿದ್ದು ಠಾಣೆಯ ದಾಖಲೆಯಲ್ಲಿ ಕಳೆದುಹೋಗುತ್ತದೆ. ಆದ್ದರಿಂದ ಪೊಲೀಸರು ಮತ್ತು ಯುವಕರ ನಡುವಿನ ಸಂಬಂಧ ಶಿಕ್ಷಣದ ವಿಷಯವೇ ಆಗಿದೆ.

ಮೊದಲು ನಮ್ಮ ಭಾಗದ ಹಿನ್ನೆಲೆಯನ್ನು ಸ್ವಲ್ಪ ನೋಡೋಣ. ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಮೊದಲು ನಾವು ರಾಯಚೂರು ಜಿಲ್ಲೆಯವರು, ಇನ್ನೂ ಹಿಂದೆ ಹೋದರೆ ನಿಜಾಮರ ಆಳ್ವಿಕೆಯವರು. 1947ರಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂದರೂ ನಮಗೆ ಬಂದದ್ದು 1948ರ ಸೆಪ್ಟೆಂಬರ್ 17ರಂದು. ಆ ಕಾರ್ಯಾಚರಣೆ ನಡೆಸಿದ್ದು ಸೈನ್ಯವಾದರೂ ಜನರ ಬಾಯಲ್ಲಿ ಅದು ಇಂದಿಗೂ 'ಪೊಲೀಸ್ ಆಕ್ಷನ್'. ಅದಕ್ಕೆ ಮೊದಲು ರಜಾಕಾರರ ಹಾವಳಿಯಿಂದ ಹಿಂದೂ ಕುಟುಂಬಗಳು ನೊಂದವು. ಗಡಿಯಾಚೆ ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಯವರ ನೇತೃತ್ವದಲ್ಲಿ ಶಿಬಿರ ನಡೆದದ್ದು ಆ ಕಾಲದಲ್ಲೇ. ಅದಾದ ಮೇಲಿನ ವಾರಗಳಲ್ಲಿ ರಜಾಕಾರರಿಗೂ ತಮಗೂ ಸಂಬಂಧವೇ ಇಲ್ಲದ ಎಷ್ಟೋ ಮುಸ್ಲಿಂ ಕುಟುಂಬಗಳು ಹೈದರಾಬಾದ್ ಸಂಸ್ಥಾನದ ಜಿಲ್ಲೆಗಳಲ್ಲಿ ಪ್ರಾಣ, ಆಸ್ತಿ ಕಳೆದುಕೊಂಡವು. ಅದನ್ನು ವಿಚಾರಿಸಲು ಭಾರತ ಸರ್ಕಾರವೇ ಪಂಡಿತ ಸುಂದರಲಾಲ್ ಮತ್ತು ಖಾಜಿ ಅಬ್ದುಲ್ ಗಫ್ಫಾರ್ ಅವರನ್ನು ಕಳಿಸಬೇಕಾಯಿತು. ಹಳೆಯ ಗಾಯ ಕೆದಕಲು ಇದನ್ನು ಹೇಳುತ್ತಿಲ್ಲ. ನಮ್ಮ ಅಜ್ಜ ಅಜ್ಜಿಯರ ನೆನಪಿನಲ್ಲಿ 'ಪೊಲೀಸ್' ಎಂಬ ಪದ ಬಂದು ಕುಳಿತದ್ದು ಯಾವ ದಾರಿಯಿಂದ ಎಂಬುದು ತಿಳಿಯಲಿ ಎಂದು ಹೇಳುತ್ತಿದ್ದೇನೆ.

ಆ ಭಯ ಮನೆಯೊಳಗೆ ಮಾತಿನ ಮೂಲಕ ಸಾಗುತ್ತಾ ಬಂದಿದೆ. ಹಟ ಮಾಡುವ ಮಗುವಿಗೆ ಕನ್ನಡ ಮಾತಾಡುವ ತಾಯಿ, 'ಸುಮ್ನಿರು, ಇಲ್ಲಂದ್ರ ಪೊಲೀಸರು ಬಂದು ಹಿಡ್ಕೊಂಡು ಹೋಗ್ತಾರ ನೋಡು' ಎನ್ನುತ್ತಾಳೆ. ದಖನಿ ಮಾತಾಡುವ ತಾಯಿ, 'ಚುಪ್ ಬೈಟ್, ಪೊಲೀಸ್ ಆತೈ ದೇಕ್' ಎನ್ನುತ್ತಾಳೆ. ಭಾಷೆ ಬೇರೆ, ಭಯ ಒಂದೇ. ಎರಡು ವರ್ಷದ ಮಗುವಿಗೆ ಹೀಗೆ ಹೇಳಿಕೊಟ್ಟು, ಇಪ್ಪತ್ತನೆಯ ವಯಸ್ಸಿನಲ್ಲಿ ಅದೇ ಹುಡುಗ ತೊಂದರೆಯಾದಾಗ ಠಾಣೆಗೆ ಹೋಗಲಿ ಎಂದು ನಿರೀಕ್ಷಿಸುವುದು ಹೇಗೆ?

ಭಯಕ್ಕೆ ಇಂದಿನ ಕಾರಣಗಳೂ ಇವೆ. ನ್ಯಾಯಮೂರ್ತಿ ರಾಜೇಂದ್ರ ಸಾಚಾರ್ ಸಮಿತಿ 2006ರಲ್ಲಿ ಕೊಟ್ಟ ವರದಿಯನ್ನು ನಮ್ಮ ಸಂಸ್ಥೆಗಳಲ್ಲಿ ಹೆಚ್ಚಾಗಿ ಶಿಕ್ಷಣದ ಅಂಕಿಗಳಿಗಾಗಿ ಓದುತ್ತೇವೆ. ಅದರ ಆರಂಭದ ಭಾಗದಲ್ಲಿಯೇ, ಎಲ್ಲಿ ಏನೇ ಘಟನೆ ನಡೆದರೂ ತಮ್ಮ ಹುಡುಗರನ್ನೇ ಮೊದಲು ಹಿಡಿಯುತ್ತಾರೆ ಎಂಬ ಭಾವನೆ ಮುಸ್ಲಿಮರಲ್ಲಿದೆ ಎಂದು ಸಮಿತಿ ದಾಖಲಿಸಿದೆ. ದೇಶದಲ್ಲಿ 2001ರ ಜನಗಣತಿಯಂತೆ ಮುಸ್ಲಿಮರು ಶೇ. 13.4ರಷ್ಟಿದ್ದರೆ, ಸಮಿತಿಗೆ ಸಿಕ್ಕ ಮಾಹಿತಿಯಂತೆ ಪೊಲೀಸ್ ಕಾನ್‌ಸ್ಟೇಬಲ್‌ಗಳಲ್ಲಿ ಅವರ ಪಾಲು ಶೇ. 6 ಮಾತ್ರ. ಠಾಣೆಯ ಒಳಗೆ ನಮ್ಮ ಮುಖ ಕಾಣದಿದ್ದಾಗ ಠಾಣೆ ಪರರದ್ದು ಎನಿಸುವುದು ಸಹಜ. ಇದು ನಮ್ಮ ಸಮಾಜಕ್ಕಷ್ಟೇ ಸೀಮಿತವಲ್ಲ. ದಲಿತ ಕೇರಿಯ ಹುಡುಗನಿಗೆ, ತಾಂಡಾದ ಹುಡುಗನಿಗೆ, ಗುಳೆ ಹೋಗಿ ಬರುವ ಬಡವರ ಮಗನಿಗೆ ಕೇಳಿದರೂ ಇದೇ ಉತ್ತರ ಬರುತ್ತದೆ.

ವಿಶ್ವಾಸವಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ದೂರದ ಉದಾಹರಣೆ ಬೇಡ. ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟ್ 28ರಂದು ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಅಂದಿನ ಗಲಭೆಗೆ ಕಿಡಿ ಹೊತ್ತಿದ್ದು ಗಂಗಾವತಿಯ ಚಿತ್ರಮಂದಿರದಲ್ಲಿ ಯುವಕರ ನಡುವೆ ನಡೆದ ಜಗಳದಿಂದ. ಅದರ ಹಿಂದೆ ಹೋಟೆಲಿನಲ್ಲಿ, ಕ್ಷೌರದಂಗಡಿಯಲ್ಲಿ ಪ್ರವೇಶ ಕೊಡದ ಹಳೆಯ ಅಸ್ಪೃಶ್ಯತೆ ಇತ್ತು. ಹತ್ತು ವರ್ಷಗಳ ನಂತರ, 2024ರ ಅಕ್ಟೋಬರ್ 24ರಂದು ಕೊಪ್ಪಳದ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯ 98 ಜನರಿಗೆ ಜೀವಾವಧಿ, ಮೂವರಿಗೆ ಐದು ವರ್ಷ ಶಿಕ್ಷೆ ವಿಧಿಸಿತು. ಆಮೇಲೆ ಪ್ರಕರಣ ಹೈಕೋರ್ಟಿಗೆ ಹೋಯಿತು. ನೊಂದವರಿಗೆ ನ್ಯಾಯಾಲಯದ ತೀರ್ಪು ಸಿಗಲು ಹತ್ತು ವರ್ಷ ಬೇಕಾಯಿತು ಎಂಬುದು ಒಂದು ನೋವು. ಒಂದು ಊರಿನ ಇಷ್ಟೊಂದು ಮನೆಗಳ ಗಂಡಸರು ಒಂದೇ ದಿನ ಶಿಕ್ಷೆಗೊಳಗಾದರು ಎಂಬುದು ಇನ್ನೊಂದು ಪಾಠ. ಹಾಗೆಯೇ 2022ರ ಆಗಸ್ಟ್‌ನಲ್ಲಿ ಹುಲಿಹೈದರದಲ್ಲಿ ಎರಡು ಗುಂಪುಗಳ ನಡುವೆ ಘರ್ಷಣೆ ನಡೆದು ಇಬ್ಬರು ಪ್ರಾಣ ಬಿಟ್ಟರು. ಒಬ್ಬರು ನಮ್ಮವರು, ಇನ್ನೊಬ್ಬರು ಅವರವರು ಎಂದು ಲೆಕ್ಕ ಹಾಕುವುದರಲ್ಲಿ ಅರ್ಥವಿಲ್ಲ. ಇಬ್ಬರೂ ಒಂದೇ ಊರಿನವರು, ಒಂದೇ ಓಣಿಯಲ್ಲಿ ಮೊಹರಂ ನೋಡಿದವರು.

ಇಂಥ ಪ್ರತಿಯೊಂದು ಘಟನೆಗೂ ಮುನ್ನ ಊರಿನಲ್ಲಿ ಮಾತು ಹರಿದಾಡುತ್ತಿರುತ್ತದೆ. ಹುಡುಗರಿಗೆ ಅದು ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ. ಅದನ್ನು ಅವರು ಯಾರಿಗೆ ಹೇಳಬೇಕು? ಅಪ್ಪನಿಗೆ ಹೇಳಿದರೆ ಬೈಯುತ್ತಾನೆ. ಠಾಣೆಗೆ ಹೇಳಿದರೆ, 'ನಿನಗ ಹೆಂಗ ಗೊತ್ತಾತು? ಬಾ ಇಲ್ಲಿ' ಎಂದು ಕೂಡಿಸಿಕೊಳ್ಳುತ್ತಾರೆಂಬ ಅಂಜಿಕೆ. ಹೇಳಬಹುದಾದ ಒಬ್ಬ ಪೊಲೀಸ್ ಇದ್ದಾನೆ ಎಂಬ ಧೈರ್ಯ ಪ್ರತಿ ಊರಿನ ನಾಲ್ಕು ಹುಡುಗರಿಗೆ ಬಂದರೆ, ಬೆಂಕಿ ಹತ್ತುವ ಮೊದಲೇ ನೀರು ಹಾಕುವ ಅವಕಾಶ ಸಿಗುತ್ತದೆ. ವಿಶ್ವಾಸ ಎಂದರೆ ಇದು. ವೇದಿಕೆಯ ಮೇಲೆ ಹಾರ ಹಾಕಿಸಿಕೊಂಡು ಫೋಟೋ ತೆಗೆಸಿಕೊಳ್ಳುವುದಲ್ಲ.

ಇದು ಆಗದ ಮಾತೇನಲ್ಲ. ಮಹಾರಾಷ್ಟ್ರದ ಭಿವಂಡಿಯ ಹೆಸರನ್ನು ಕೇಳಿದ್ದೀರಿ. ಪವರ್‌ಲೂಮ್ ಊರು, ಕೂಲಿಗಾಗಿ ಎಲ್ಲ ಕಡೆಯಿಂದ ಜನ ಬಂದು ನೆಲೆಸಿದ ಊರು. 1970 ಮತ್ತು 1984ರಲ್ಲಿ ಅಲ್ಲಿ ಭೀಕರ ಗಲಭೆಗಳಾದವು. 1988ರಲ್ಲಿ ಅಲ್ಲಿಗೆ ಡಿ.ಸಿ.ಪಿ.ಯಾಗಿ ಬಂದ ಸುರೇಶ ಖೋಪಡೆಯವರು ಓಣಿ ಓಣಿಗಳಲ್ಲಿ ಮೊಹಲ್ಲಾ ಸಮಿತಿಗಳನ್ನು ಮಾಡಿದರು. ಅದರಲ್ಲಿ ಹಿಂದೂಗಳೂ ಮುಸ್ಲಿಮರೂ ಇದ್ದರು. ರಾಜಕೀಯ ಮುಖಂಡರಿಗಿಂತ ಸಾಮಾನ್ಯ ಜನರಿಗೆ ಸ್ಥಾನ ಕೊಟ್ಟರು. ಸಮಿತಿಗಳು ಗಲಭೆಯಾದಾಗ ಮಾತ್ರ ಸೇರಲಿಲ್ಲ, ಏನೂ ಆಗದ ದಿನಗಳಲ್ಲಿಯೂ ಸೇರಿ ನೆರೆಹೊರೆಯ ಸಣ್ಣಪುಟ್ಟ ತಕರಾರುಗಳನ್ನು ಬಗೆಹರಿಸಿದವು. 1992ರ ಡಿಸೆಂಬರ್ ಮತ್ತು 1993ರ ಜನವರಿಯಲ್ಲಿ ಪಕ್ಕದ ಮುಂಬಯಿ ಹೊತ್ತಿ ಉರಿದು ಸುಮಾರು 900 ಜನ ಸತ್ತಾಗ ಭಿವಂಡಿ ಶಾಂತವಾಗಿತ್ತು.

ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಅದೇ ಭಿವಂಡಿಯಲ್ಲಿ 2006ರ ಜುಲೈನಲ್ಲಿ ಕಬರಸ್ತಾನದ ಹತ್ತಿರ ಪೊಲೀಸ್ ಠಾಣೆಯ ಕಟ್ಟಡ ಕಟ್ಟುವ ವಿಷಯಕ್ಕೆ ಜನ ಮತ್ತು ಪೊಲೀಸರ ನಡುವೆಯೇ ಘರ್ಷಣೆಯಾಯಿತು. ಪೊಲೀಸರ ಗುಂಡಿಗೆ ಇಬ್ಬರು ಸತ್ತರು, ಗುಂಪಿನ ಕೈಗೆ ಸಿಕ್ಕಿ ಇಬ್ಬರು ಪೊಲೀಸರೂ ಪ್ರಾಣ ಕಳೆದುಕೊಂಡರು. 'ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ' ಎಂಬ ಗಾದೆ ನಮ್ಮಲ್ಲಿದೆ. ವಿಶ್ವಾಸವನ್ನು ಒಮ್ಮೆ ಕಟ್ಟಿ ಬೀಗ ಹಾಕಿ ಇಡಲು ಬರುವುದಿಲ್ಲ. ಒಬ್ಬ ಒಳ್ಳೆಯ ಅಧಿಕಾರಿ ಕಟ್ಟಿದ್ದನ್ನು ಅವರ ನಂತರ ಬಂದವರು, ಹಾಗೆಯೇ ಊರಿನ ಮುಂದಿನ ಪೀಳಿಗೆಯವರು ನೀರೆರೆದು ಕಾಯಬೇಕು.

ಹಾಗಾದರೆ ನಮ್ಮ ಜಿಲ್ಲೆಯಲ್ಲಿ ಏನು ಮಾಡಬಹುದು? ಪೊಲೀಸ್ ಅಧಿಕಾರಿಗಳ ಮುಂದೆ ಗೌರವಪೂರ್ವಕವಾಗಿ ಕೆಲವು ಮಾತುಗಳನ್ನು ಇಡುತ್ತೇನೆ.

ಮೊದಲನೆಯದು, ರಸ್ತೆಯ ಮೇಲಿನ ಮಾತು. ಬಹುತೇಕ ಯುವಕರಿಗೆ ಪೊಲೀಸರ ಮೊದಲ ಭೇಟಿ ಠಾಣೆಯಲ್ಲಿ ಆಗುವುದಿಲ್ಲ, ಬೈಕ್ ತಡೆಯುವ ಜಾಗದಲ್ಲಿ ಆಗುತ್ತದೆ. ಅಲ್ಲಿ 'ಏ, ನಿಲ್ಲಸಲೇ' ಎನ್ನುವುದಕ್ಕೂ 'ತಮ್ಮಾ, ಗಾಡಿ ಬಾಜೂಕ ಹಚ್ಚು, ಹೆಲ್ಮೆಟ್ ಎಲ್ಲಿ?' ಎನ್ನುವುದಕ್ಕೂ ದಂಡದ ಮೊತ್ತದಲ್ಲಿ ವ್ಯತ್ಯಾಸವಿಲ್ಲ, ಪರಿಣಾಮದಲ್ಲಿ ಬಹಳ ವ್ಯತ್ಯಾಸವಿದೆ. ಅಮೆರಿಕದ ಟಾಮ್ ಟೈಲರ್ ಎಂಬ ವಿದ್ವಾಂಸರು ಶಿಕಾಗೊ ನಗರದ ಜನರನ್ನು ಮಾತನಾಡಿಸಿ, ಜನ ಕಾನೂನನ್ನು ಯಾಕೆ ಪಾಲಿಸುತ್ತಾರೆ ಎಂದು ಅಧ್ಯಯನ ಮಾಡಿ 1990ರಲ್ಲಿ ಪ್ರಕಟಿಸಿದರು. ಶಿಕ್ಷೆಯ ಭಯಕ್ಕಿಂತ, ತಮ್ಮನ್ನು ನ್ಯಾಯವಾಗಿ ನಡೆಸಿಕೊಂಡರು, ತಮ್ಮ ಮಾತನ್ನು ಕೇಳಿದರು ಎಂಬ ಭಾವನೆಯೇ ಜನರನ್ನು ಕಾನೂನಿನ ಕಡೆ ತರುತ್ತದೆ ಎಂಬುದು ಅವರು ಕಂಡುಕೊಂಡ ಸಾರ. ದಂಡ ಕಟ್ಟಿದವನೂ ಮರ್ಯಾದೆ ಉಳಿದರೆ ಸಿಟ್ಟಾಗದೆ ಹೋಗುತ್ತಾನೆ.

ಎರಡನೆಯದು, ಮಕ್ಕಳ ಬಗ್ಗೆ ಇರುವ ಕಾನೂನನ್ನು ಅಕ್ಷರಶಃ ಪಾಲಿಸುವುದು. 2015ರ ಬಾಲನ್ಯಾಯ ಕಾಯ್ದೆಯಂತೆ 18 ವರ್ಷ ತುಂಬದವನನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಪ್ರತಿ ಠಾಣೆಯಲ್ಲಿ ಎ.ಎಸ್.ಐ. ದರ್ಜೆಗೆ ಕಡಿಮೆಯಿಲ್ಲದ ಒಬ್ಬ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು. ಬೇಡಿ ಹಾಕುವಂತಿಲ್ಲ. ಮಗುವಿನ ಹೆಸರು, ಫೋಟೋ, ಶಾಲೆಯ ಗುರುತು ಪ್ರಕಟವಾಗುವಂತಿಲ್ಲ. ಪ್ರಕರಣ ಮುಗಿದ ಮೇಲೆ ಚಾರಿತ್ರ್ಯ ಪ್ರಮಾಣಪತ್ರಕ್ಕಾಗಿ ಆ ಹಳೆಯ ದಾಖಲೆಯನ್ನು ಪೊಲೀಸರು ಹೊರಹಾಕುವಂತಿಲ್ಲ. ಘೋರ ಅಪರಾಧಕ್ಕಾಗಿ ವಯಸ್ಕರಂತೆ ವಿಚಾರಣೆಗೊಳಗಾದ 16 ವರ್ಷ ದಾಟಿದವರನ್ನು ಬಿಟ್ಟು, ಉಳಿದ ಮಕ್ಕಳಿಗೆ ಆ ಪ್ರಕರಣ ಮುಂದಿನ ಬದುಕಿಗೆ ಅನರ್ಹತೆಯಾಗಬಾರದು ಎಂಬುದೇ ಕಾನೂನಿನ ಉದ್ದೇಶ. ಪೋಕ್ಸೊ ಕಾಯ್ದೆಯಂತೆ ನೊಂದ ಮಗುವಿನ ಹೇಳಿಕೆ ಪಡೆಯುವಾಗ ಅಧಿಕಾರಿ ಸಮವಸ್ತ್ರದಲ್ಲಿ ಇರಕೂಡದು. ಕಾನೂನು ಮಾಡಿದವರಿಗೆ ಖಾಕಿಯನ್ನು ಕಂಡ ಮಗುವಿನ ಮನಸ್ಸು ಗೊತ್ತಿತ್ತು. ನಮ್ಮ ಠಾಣೆಗಳ ಮಕ್ಕಳ ಕಲ್ಯಾಣ ಅಧಿಕಾರಿ ಯಾರು ಎಂಬ ಫಲಕ ಪ್ರತಿ ಹೈಸ್ಕೂಲಿನ ಗೋಡೆಯ ಮೇಲೆ ಇರಲಿ ಎಂಬುದು ನನ್ನ ವಿನಂತಿ.

ಮೂರನೆಯದು, ಗಸ್ತು. 2017ರಲ್ಲಿ ನಮ್ಮ ರಾಜ್ಯದಲ್ಲಿ ಸುಧಾರಿತ ಬೀಟ್ ವ್ಯವಸ್ಥೆ ಬಂದಿತು. ಪ್ರತಿ ಕಾನ್‌ಸ್ಟೇಬಲ್‌ಗೂ ತನ್ನದೇ ಆದ ಒಂದು ಬೀಟ್, ಅದರಲ್ಲಿ ನಾಗರಿಕ ಸದಸ್ಯರು. 2025ರ ಜುಲೈನಲ್ಲಿ 'ಮನೆ ಮನೆಗೆ ಪೊಲೀಸ್' ಕಾರ್ಯಕ್ರಮವೂ ಆರಂಭವಾಯಿತು. ಇವೆಲ್ಲ ಒಳ್ಳೆಯ ಯೋಜನೆಗಳು. ಆದರೆ ಬೀಟ್ ಸದಸ್ಯರೆಂದು ಯಾರನ್ನು ಸೇರಿಸುತ್ತೇವೆ? ಶಾಂತಿ ಸಮಿತಿ ಸಭೆ ಎಂದರೆ ಅದೇ ಹತ್ತು ಮುಖಂಡರು, ಅದೇ ಚಹಾ, ಅದೇ ಭಾಷಣ. ಗ್ಯಾರೇಜಿನ ಹುಡುಗ, ಗಂಗಾವತಿಯ ರೈಸ್‌ಮಿಲ್ಲಿನಲ್ಲಿ ದುಡಿಯುವ ಹುಡುಗ, ಗಿಣಿಗೇರಿಯ ಕಾರ್ಖಾನೆಗೆ ಹೋಗುವವನು, ಕಾಲೇಜಿಗೆ ಬಸ್ಸಿನಲ್ಲಿ ಬರುವ ಹುಡುಗಿ ಅಲ್ಲಿ ಇರುವುದಿಲ್ಲ. ಅವರು ಇರಬೇಕು. ಹಜರತ್ ಉಮರ್ ಅವರು ಮದೀನಾದ ಬೀದಿಗಳಲ್ಲಿ ರಾತ್ರಿ ಗಸ್ತು ತಿರುಗುತ್ತಿದ್ದ ಕಥೆಯನ್ನು ನಾವೆಲ್ಲ ಕೇಳಿ ಬೆಳೆದಿದ್ದೇವೆ. ಹಸಿದ ಮಕ್ಕಳನ್ನು ಸಮಾಧಾನಪಡಿಸಲು ಬರೀ ನೀರಿನ ಪಾತ್ರೆಯನ್ನು ಒಲೆಯ ಮೇಲಿಟ್ಟು ಕುಳಿತಿದ್ದ ತಾಯಿಯನ್ನು ಕಂಡು, ತಾವೇ ಹಿಟ್ಟಿನ ಮೂಟೆ ಹೊತ್ತು ತಂದರು. ಕಳ್ಳನನ್ನು ಹಿಡಿಯುವುದಷ್ಟೇ ಗಸ್ತಲ್ಲ, ಯಾವ ಮನೆಯಲ್ಲಿ ಏನು ಕಷ್ಟವಿದೆ ಎಂದು ತಿಳಿಯುವುದೂ ಗಸ್ತೇ. ಹೀಗೆ ತಿಳಿಯಲು ಅಧಿಕಾರಿ ಒಂದೆಡೆ ಸ್ವಲ್ಪ ಕಾಲ ಇರಬೇಕು. ಠಾಣಾಧಿಕಾರಿಗೆ ಕನಿಷ್ಠ ಎರಡು ವರ್ಷ ಒಂದೇ ಸ್ಥಳದಲ್ಲಿ ಅವಕಾಶ ಇರಬೇಕೆಂದು ಸುಪ್ರೀಂ ಕೋರ್ಟ್ 2006ರ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಹೇಳಿದ್ದು ಇದಕ್ಕೂ ಅನ್ವಯಿಸುತ್ತದೆ.

ನಾಲ್ಕನೆಯದು, ಶಾಲೆ. ಕೇರಳದಲ್ಲಿ 2010ರಲ್ಲಿ 127 ಶಾಲೆಗಳಲ್ಲಿ ವಿದ್ಯಾರ್ಥಿ ಪೊಲೀಸ್ ಕೆಡೆಟ್ ಯೋಜನೆ ಶುರುವಾಯಿತು. 2018ರಲ್ಲಿ ಅದು ಇಡೀ ದೇಶಕ್ಕೆ ವಿಸ್ತರಿಸಿತು. ಎಂಟು, ಒಂಬತ್ತನೆಯ ತರಗತಿಯ ಮಕ್ಕಳು ಕಾನೂನು, ಸಂಚಾರ ನಿಯಮ, ಶಿಸ್ತು ಕಲಿಯುತ್ತಾರೆ. ಮಕ್ಕಳನ್ನು ಠಾಣೆಗೆ ಕರೆದು ತೋರಿಸುವ 'ತೆರೆದ ಮನೆ' ಕಾರ್ಯಕ್ರಮವೂ ನಮ್ಮ ರಾಜ್ಯದಲ್ಲಿದೆ. ಇವು ಉರ್ದು ಶಾಲೆಗಳ ಮಕ್ಕಳಿಗೂ ಮುಟ್ಟಲಿ. ಉರ್ದು ಮಾಧ್ಯಮದ ಹುಡುಗ ಠಾಣೆಯಲ್ಲಿ ಕನ್ನಡದಲ್ಲಿ ತಡವರಿಸಿದರೆ ಸುಳ್ಳು ಹೇಳುತ್ತಿದ್ದಾನೆ ಎಂದು ತಿಳಿಯುವ ಸಾಧ್ಯತೆ ಇದೆ. ಅದಕ್ಕೆ ಅಧಿಕಾರಿಗಳ ತಾಳ್ಮೆಯೂ ಬೇಕು, ನಮ್ಮ ಶಾಲೆಗಳಲ್ಲಿ ಒಳ್ಳೆಯ ಕನ್ನಡ ಕಲಿಕೆಯೂ ಬೇಕು. ಪತ್ರಲೇಖನದ ತಾಸಿನಲ್ಲಿ ಠಾಣಾಧಿಕಾರಿಗೆ ದೂರು ಬರೆಯುವುದನ್ನೂ ಕಲಿಸಿ ಎಂದು ಶಿಕ್ಷಕರಲ್ಲಿ ಕೇಳಿಕೊಳ್ಳುತ್ತೇನೆ.

ಐದನೆಯದು, ಮತ್ತು ಎಲ್ಲಕ್ಕಿಂತ ಮುಖ್ಯವಾದದ್ದು, ಒಂದೇ ಅಳತೆಗೋಲು. ಯುವಕರು ಕಠಿಣ ಅಧಿಕಾರಿಯನ್ನು ಒಪ್ಪುತ್ತಾರೆ, ಪಕ್ಷಪಾತಿ ಅಧಿಕಾರಿಯನ್ನು ಒಪ್ಪುವುದಿಲ್ಲ. ಎರಡು ಕಡೆಯವರೂ ಕೆಟ್ಟ ಸಂದೇಶ ಹಾಕಿದಾಗ ಒಬ್ಬನ ಮೇಲೆ ಮಾತ್ರ ಪ್ರಕರಣವಾದರೆ, ವರ್ಷವಿಡೀ ನಡೆಸಿದ ಕ್ರಿಕೆಟ್ ಪಂದ್ಯ, ಇಫ್ತಾರ್ ಕೂಟ ಎಲ್ಲವೂ ಆ ಒಂದು ದಿನ ನೀರಿಗೆ ಹೋಗುತ್ತದೆ. ಘಟನೆಯಾದ ರಾತ್ರಿ ಕೈಗೆ ಸಿಕ್ಕವರನ್ನೆಲ್ಲ ತುಂಬಿಕೊಂಡು ಹೋದರೆ ಸಂಖ್ಯೆ ದೊಡ್ಡದಾಗುತ್ತದೆ, ನಿಜವಾದ ತಪ್ಪಿತಸ್ಥ ಸಂದಿಯಲ್ಲಿ ತಪ್ಪಿಸಿಕೊಳ್ಳುತ್ತಾನೆ.

ಇಷ್ಟು ಹೇಳಿದ ಮೇಲೆ ನಮ್ಮ ಕಡೆಗೂ ಬೆರಳು ತಿರುಗಿಸಬೇಕು. ವಿಶ್ವಾಸ ಒಂದು ಕೈಯ ಚಪ್ಪಾಳೆಯಲ್ಲ. ಗವಿಸಿದ್ಧೇಶ್ವರ ಜಾತ್ರೆಗೆ, ಅಂಜನಾದ್ರಿಯ ಹನುಮಮಾಲಾ ಕಾರ್ಯಕ್ರಮಕ್ಕೆ, ಗಣೇಶ ವಿಸರ್ಜನೆಗೆ, ಮೊಹರಂಗೆ, ಈದ್ ಮೆರವಣಿಗೆಗೆ ಬಂದೋಬಸ್ತ್ ನಿಂತ ಕಾನ್‌ಸ್ಟೇಬಲ್ ತನ್ನ ಮನೆಯ ಹಬ್ಬವನ್ನು ಬಿಟ್ಟು ಬಂದಿರುತ್ತಾನೆ. ಅವನಿಗೂ ಮಕ್ಕಳಿದ್ದಾರೆ. ಅವನಿಗೆ ಒಂದು ಲೋಟ ನೀರು ಕೊಟ್ಟು ಮಾತನಾಡಿಸುವ ಹುಡುಗರು ನಮ್ಮಲ್ಲಿ ಎಷ್ಟು ಜನ? ಹದಿನಾರರ ಮಗನ ಕೈಗೆ ಬೈಕ್ ಕೊಟ್ಟು, ಹಿಡಿದಾಗ ಮುಖಂಡರಿಂದ ಫೋನ್ ಮಾಡಿಸುವ ಪಾಲಕರು ಮಗನಿಗೆ ಏನು ಕಲಿಸುತ್ತಿದ್ದಾರೆ? 2019ರ ತಿದ್ದುಪಡಿಯಂತೆ ಅಪ್ರಾಪ್ತ ವಯಸ್ಕ ಗಾಡಿ ಓಡಿಸಿ ಅಪರಾಧ ಮಾಡಿದರೆ ಪಾಲಕರಿಗೇ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಜೈಲು ಆಗಬಹುದು. ಮೊಬೈಲಿನಲ್ಲಿ ಬಂದ ಸುದ್ದಿಯ ಬಗ್ಗೆಯೂ ಅಷ್ಟೇ. ಸುದ್ದಿ ತಂದವನ ಮಾತನ್ನು ಪರಿಶೀಲಿಸದೆ ನಂಬಿ ಇನ್ನೊಬ್ಬರಿಗೆ ಹಾನಿ ಮಾಡಬೇಡಿ ಎಂಬ ಎಚ್ಚರಿಕೆ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯದಲ್ಲಿದೆ. ಆ ಆದೇಶ ವಾಟ್ಸಾಪಿಗೂ ಸಲ್ಲುತ್ತದೆ.

ತುರ್ತಿಗೆ 112, ಮಕ್ಕಳ ಸಹಾಯಕ್ಕೆ 1098, ಮೊಬೈಲ್ ವಂಚನೆಗೆ 1930, ಈ ಮೂರು ಸಂಖ್ಯೆಗಳನ್ನು ಪ್ರತಿ ಮನೆಯ ಗೋಡೆಯ ಮೇಲೆ ಬರೆದಿಡಿ. ದೂರು ಕೊಟ್ಟಾಗ ಎಫ್.ಐ.ಆರ್. ಪ್ರತಿಯನ್ನು ಉಚಿತವಾಗಿ ಪಡೆಯುವುದು ದೂರುದಾರನ ಹಕ್ಕು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಂತೆ ಗಂಭೀರ ಅಪರಾಧದ ಮಾಹಿತಿಯನ್ನು ಯಾವ ಠಾಣೆಯಲ್ಲಿಯೂ ಕೊಡಬಹುದು, 'ನಮ್ಮ ಹದ್ದಲ್ಲ' ಎಂದು ತಿರುಗಿಸಿ ಕಳಿಸುವಂತಿಲ್ಲ. ಅನ್ಯಾಯವಾದರೆ ಕಲ್ಲು ಹಿಡಿಯುವ ಬದಲು ಅರ್ಜಿ ಹಿಡಿಯಿರಿ. ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿದ್ದಾರೆ, ಪೊಲೀಸ್ ದೂರು ಪ್ರಾಧಿಕಾರವಿದೆ, ಮಾನವ ಹಕ್ಕುಗಳ ಆಯೋಗವಿದೆ, ನ್ಯಾಯಾಲಯವಿದೆ.

ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ಇಂಜಿನಿಯರ್ ಆಗುವವರು, ಡಾಕ್ಟರ್ ಆಗುವವರು ಇದ್ದೀರಿ. ಪೊಲೀಸ್ ಆಗುತ್ತೇನೆ ಎನ್ನುವವರು ಎಷ್ಟು ಜನ? ಸಿವಿಲ್ ಕಾನ್‌ಸ್ಟೇಬಲ್ ಹುದ್ದೆಗೆ ಪಿ.ಯು.ಸಿ. ಸಾಕು, ಸಬ್‌ಇನ್‌ಸ್ಪೆಕ್ಟರ್ ಹುದ್ದೆಗೆ ಪದವಿ ಬೇಕು. 371(ಜೆ) ವಿಧಿಯಿಂದಾಗಿ ನಮ್ಮ ಕಲ್ಯಾಣ ಕರ್ನಾಟಕದವರಿಗೆ ನೇಮಕಾತಿಯಲ್ಲಿ ಪ್ರತ್ಯೇಕ ಮೀಸಲು ಇದೆ. ಪಕ್ಕದ ಮುನಿರಾಬಾದಿನಲ್ಲಿಯೇ ಮೀಸಲು ಪಡೆಯ ಜವಾನರು ಬೆಳಗಿನ ಜಾವ ಓಡುವುದನ್ನು ನೀವು ನೋಡಬಹುದು. ನಮ್ಮ ಸಂಸ್ಥೆಯು ಬೇಸಿಗೆಯಲ್ಲಿ ಸಿ.ಇ.ಟಿ. ತರಬೇತಿಯಂತೆಯೇ ಪೊಲೀಸ್ ನೇಮಕಾತಿಗೂ, ಓಟ ಮತ್ತು ಲಿಖಿತ ಪರೀಕ್ಷೆ ಎರಡಕ್ಕೂ, ತರಬೇತಿ ನಡೆಸಲಿ. ಹುಡುಗಿಯರೂ ಬರಲಿ. ನಮ್ಮ ಓಣಿಯ ಮಗಳು ಖಾಕಿ ತೊಟ್ಟು ಬಂದ ದಿನ, ಯಾವ ತಾಯಿಯೂ ಮಗುವಿಗೆ ಪೊಲೀಸರ ಹೆಸರು ಹೇಳಿ ಹೆದರಿಸುವುದಿಲ್ಲ.

ಕೊನೆಯದಾಗಿ ಒಂದು ಪ್ರಸಂಗವನ್ನು ನೆನಪಿಸುತ್ತೇನೆ. ಪ್ರವಾದಿ ಮುಹಮ್ಮದ್ (ಸ) ಅವರಿಗೆ ಪ್ರವಾದಿತ್ವ ಬರುವ ಮೊದಲೇ ಮಕ್ಕಾದ ಜನ ಅವರನ್ನು 'ಅಲ್ ಅಮೀನ್', ವಿಶ್ವಾಸಕ್ಕೆ ಪಾತ್ರರಾದವರು, ಎಂದು ಕರೆಯುತ್ತಿದ್ದರು. ಕಾಬಾದ ಪುನರ್‌ನಿರ್ಮಾಣದ ವೇಳೆ ಕಪ್ಪು ಶಿಲೆಯನ್ನು ಯಾರು ಇಡಬೇಕೆಂದು ಕುಲಗಳ ನಡುವೆ ಕತ್ತಿ ಹಿರಿಯುವ ಮಟ್ಟಕ್ಕೆ ಜಗಳ ಹತ್ತಿತು. ಅಲ್ಲಿಗೆ ಬಂದ ಅವರ ತೀರ್ಮಾನವನ್ನು ಎಲ್ಲರೂ ಒಪ್ಪಿದರು. ಅವರು ಒಂದು ಬಟ್ಟೆ ಹಾಸಿ, ಶಿಲೆಯನ್ನು ಅದರ ಮೇಲಿಟ್ಟು, ಪ್ರತಿ ಕುಲದ ಮುಖಂಡನಿಗೂ ಒಂದೊಂದು ಅಂಚು ಹಿಡಿಸಿ ಎತ್ತಿಸಿದರು. ಆಗ ಅವರ ಕೈಯಲ್ಲಿ ಯಾವ ಅಧಿಕಾರವೂ ಇರಲಿಲ್ಲ, ಲಾಠಿ ಇರಲಿಲ್ಲ, ಪಡೆ ಇರಲಿಲ್ಲ. ಇದ್ದದ್ದು ಜನರ ವಿಶ್ವಾಸ ಮಾತ್ರ. ಜಗಳ ನಿಲ್ಲಿಸಲು ಅಷ್ಟೇ ಸಾಕಾಯಿತು.

ನಮ್ಮ ಜಿಲ್ಲೆಯ ಶಾಂತಿಯೂ ಅಂಥದೇ ಒಂದು ಭಾರ. ಪೊಲೀಸರು ಒಂದು ಅಂಚು, ಪಾಲಕರು ಒಂದು ಅಂಚು, ಶಿಕ್ಷಕರು ಒಂದು ಅಂಚು, ಯುವಕರು ಒಂದು ಅಂಚು ಹಿಡಿಯಬೇಕು. ಒಬ್ಬರು ಬಿಟ್ಟರೂ ಅದು ವಾಲುತ್ತದೆ. ಈ ಸಭೆಯಿಂದ ಮನೆಗೆ ಹೋಗುವಾಗ ನಿಮ್ಮ ಬೀಟಿನ ಪೊಲೀಸರ ಹೆಸರು ಕೇಳಿ ತಿಳಿದುಕೊಳ್ಳಿ. ಅಧಿಕಾರಿಗಳೇ, ಹೋಗುವ ಮುಂಚೆ ಇಲ್ಲಿರುವ ಹತ್ತು ಮಕ್ಕಳ ಹೆಸರನ್ನಾದರೂ ಕೇಳಿ ತಿಳಿದುಕೊಳ್ಳಿ. ಅಷ್ಟಾದರೆ ಇಂದಿನ ಸಮಾರಂಭ ಸಾರ್ಥಕ.

 ಅಲ್ಲಾಹನು ನಮ್ಮ ಮಕ್ಕಳನ್ನು ಕಾಪಾಡಲಿ. ಖುದಾ ಹಾಫಿಜ್. ಜೈ ಹಿಂದ್, ಜೈ ಕರ್ನಾಟಕ.